ಬ್ರೇಕ್ ಸವೆತ ಮತ್ತು ಬದಲಾವಣೆಯ ವೆಚ್ಚ: ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಹಿನ್ನೆಲೆಯಲ್ಲಿ

ಓಡುತ್ತಿರುವ ವಾಹನದ ವೇಗ ಇಳಿಸುವಾಗ ಬ್ರೇಕಿನ ಪ್ಯಾಡ್, ಲೈನರ್, ಡಿಸ್ಕ್ ಮತ್ತು ಡ್ರಮ್‌ಗಳ ಮೈ ಉಜ್ಜಿ ತೆಳುವಾಗುತ್ತ ಹೋಗುವುದನ್ನು ಬ್ರೇಕ್ ಸವೆತ ಎನ್ನುತ್ತಾರೆ. ವೇಗಕ್ಕೆಂದೇ ಕಟ್ಟಿದ ಕಾರುಗಳಲ್ಲಿ ಇದು ಟೈರಿನ ಹಾಗೆ ಮತ್ತೆಮತ್ತೆ ಬರುವ ಖರ್ಚು. ಸವೆತವನ್ನು ಕಿಲೊಮೀಟರ್ ಲೆಕ್ಕದಲ್ಲಿ ಹೇಳುವುದು ವಾಡಿಕೆ. ಆದರೆ ಪ್ಯಾಡ್ ಎಷ್ಟು ದೂರ ಓಡಿತು ಎನ್ನುವುದಕ್ಕಿಂತ ಎಷ್ಟು ಶಾಖ ಉಂಡಿತು ಎನ್ನುವುದೇ ಅದರ ಆಯಸ್ಸನ್ನು ತೀರ್ಮಾನಿಸುತ್ತದೆ. ಹಾಗಾಗಿ ಬ್ರೇಕಿನ ಖರ್ಚು ಇಳಿಸುವ ಉಪಾಯವನ್ನು ಬ್ರೇಕಿನ ಒಳಗೆ ಹುಡುಕುವುದಕ್ಕಿಂತ, ಬ್ರೇಕಿಗೆ ಹೋಗುವ ಶಾಖವನ್ನು ಬೇರೆ ದಾರಿಗೆ ತಿರುಗಿಸುವುದರಲ್ಲಿ ಹುಡುಕಬೇಕು. ಚಿತ್ರದುರ್ಗ ಜಿಲ್ಲೆಯ ಈಶಾನ್ಯದ ಎರಡು ತಾಲ್ಲೂಕುಗಳಲ್ಲಿ, ಚಳ್ಳಕೆರೆ ಮತ್ತು ಮೊಳಕಾಲ್ಮೂರಿನಲ್ಲಿ, ಈ ಮಾತಿಗೆ ಸಾಕ್ಷಿ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ಹೆದ್ದಾರಿಯ ಕಾರಿನಲ್ಲಿ, ಹೇರು ತುಂಬಿದ ಲಾರಿಯಲ್ಲಿ, ಗಾಳಿಯಂತ್ರದಲ್ಲಿ, ಕೊನೆಗೆ ಆಕಾಶದಿಂದ ಇಳಿದು ಬಂದ ಇಸ್ರೋದ ರೆಕ್ಕೆಯ ನೌಕೆಯಲ್ಲೂ ಸಿಗುತ್ತದೆ.

ಶಾಖದ ಲೆಕ್ಕ

ಬ್ರೇಕ್ ಮಾಡುವ ಕೆಲಸ ಒಂದೇ: ಚಲನೆಯ ಶಕ್ತಿಯನ್ನು ಶಾಖವಾಗಿಸಿ ಗಾಳಿಗೆ ಬಿಡುವುದು. ಆ ಶಕ್ತಿ ತೂಕದ ಜೊತೆ ನೇರವಾಗಿಯೂ ವೇಗದ ಜೊತೆ ವರ್ಗದ ಲೆಕ್ಕದಲ್ಲಿಯೂ ಏರುತ್ತದೆ. 1,500 ಕಿಲೊ ತೂಕದ ಕಾರು ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದಾಗ ಅದರೊಳಗಿರುವ ಶಕ್ತಿ ಸುಮಾರು 580 ಕಿಲೊಜೂಲ್. 200ಕ್ಕೆ ಹೋದರೆ ಅದು 2,300 ಕಿಲೊಜೂಲ್ ದಾಟುತ್ತದೆ; ವೇಗ ಎರಡು ಪಟ್ಟಾದಾಗ ಶಾಖ ನಾಲ್ಕು ಪಟ್ಟು. 140ರಲ್ಲಿ ಓಡಿಸುವವರಿಗೆ 100ಕ್ಕಿಂತ ಸ್ವಲ್ಪವೇ ಹೆಚ್ಚು ಎನಿಸಬಹುದು, ಆದರೆ ಬ್ರೇಕಿಗೆ ಅದು ಹತ್ತಿರಹತ್ತಿರ ಎರಡು ಪಟ್ಟು ಹೊರೆ.

ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ಬಾಗುವುದರಿಂದ ಶಾಖದ ನೂರರಲ್ಲಿ ಎಪ್ಪತ್ತರಷ್ಟು ಪಾಲು ಮುಂದಿನ ಚಕ್ರಗಳಿಗೆ ಬೀಳುತ್ತದೆ. ಮುಂದಿನ ಎರಡು ಬೀಡುಕಬ್ಬಿಣದ ಡಿಸ್ಕುಗಳು ತಲಾ 9 ಕಿಲೊ ಇವೆ ಎಂದಿಟ್ಟುಕೊಂಡು, ಶಾಖವೆಲ್ಲ ಅವುಗಳಲ್ಲೇ ಉಳಿಯಿತು ಎಂದು ಲೆಕ್ಕ ಹಾಕಿದರೆ, 200ರಿಂದ ಒಮ್ಮೆ ಪೂರ್ತಿ ನಿಲ್ಲಿಸುವಷ್ಟರಲ್ಲಿ ಡಿಸ್ಕಿನ ಬಿಸಿ ಸುಮಾರು 195 ಡಿಗ್ರಿ ಏರುತ್ತದೆ. 100ರಿಂದ ನಿಲ್ಲಿಸಿದರೆ ಏರುವುದು 50 ಡಿಗ್ರಿ ಮಾತ್ರ. ಒಂದರ ಹಿಂದೆ ಒಂದರಂತೆ ಮೂರು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದ ವೇಗದ ಕಾರಿನ ಡಿಸ್ಕು ಮಾಮೂಲಿ ಪ್ಯಾಡ್ ತಾಳಬಲ್ಲ ಮಿತಿಗೆ ಏಕೆ ಬಂದು ನಿಲ್ಲುತ್ತದೆ ಎನ್ನುವುದು ಇಲ್ಲಿಯೇ ಗೊತ್ತಾಗುತ್ತದೆ. ಒತ್ತಡವೂ ಉಜ್ಜುವ ದೂರವೂ ಹೆಚ್ಚಿದಷ್ಟು ಸವೆತ ಹೆಚ್ಚುವುದು ಸಾಮಾನ್ಯ ನಿಯಮ. ಬಿಸಿ ಒಂದು ಮಟ್ಟ ಮೀರಿದ ಮೇಲೆ ಆ ನಿಯಮ ಸಾಲದು. ಪ್ಯಾಡಿನೊಳಗಿನ ರಾಳ ಸುಡತೊಡಗುತ್ತದೆ, ಹಿಡಿತ ತಗ್ಗುತ್ತದೆ, ಸವೆತ ಹಲವು ಪಟ್ಟು ಜಿಗಿಯುತ್ತದೆ. ಪೆಡಲ್ ಒತ್ತಿದರೂ ಕಾರು ನಿಲ್ಲದ ಈ ಸ್ಥಿತಿಗೆ ಬ್ರೇಕ್ ಫೇಡ್ ಎಂದು ಹೆಸರು.

ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ದೊಡ್ಡ ಡಿಸ್ಕು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕೆಂಪು ಬಣ್ಣದ ಆರು ಪಿಸ್ಟನ್ನಿನ ಕ್ಯಾಲಿಪರ್ ಹಾಕಿಸಿದರೆ ಕಾರು ಕಡಿಮೆ ದೂರದಲ್ಲಿ ನಿಲ್ಲುತ್ತದೆ ಎಂದು ನಂಬಿ ದುಡ್ಡು ಸುರಿಯುವವರಿದ್ದಾರೆ. ಒಂದು ಸಲದ ನಿಲುಗಡೆಯ ದೂರವನ್ನು ತೀರ್ಮಾನಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಚಕ್ರವನ್ನು ಲಾಕ್ ಮಾಡುವಷ್ಟು ಬಲ ಸಾಮಾನ್ಯ ಬ್ರೇಕಿಗೂ ಇದೆ. ಲಾಕ್ ಆಗದಂತೆ ತಡೆಯುವುದೇ ಎಬಿಎಸ್‌ನ ಕೆಲಸ, ಅದು 2019ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ. ದೊಡ್ಡ ಬ್ರೇಕಿನ ಬೆಲೆ ತಿಳಿಯುವುದು ಐದನೆಯ, ಹತ್ತನೆಯ ನಿಲುಗಡೆಯಲ್ಲಿ. ಸವೆದ ಟೈರಿನ ಮೇಲೆ ದುಬಾರಿ ಬ್ರೇಕ್ ಕೂರಿಸುವುದು ಹಣ ಪೋಲು.

ಸವೆಯುವ ಭಾಗಗಳು

ಹೊಸ ಪ್ಯಾಡಿನ ಉಜ್ಜುವ ಪದರ ಸಾಧಾರಣವಾಗಿ 10ರಿಂದ 12 ಮಿಲಿಮೀಟರ್ ದಪ್ಪ ಇರುತ್ತದೆ. ಅದು 3 ಮಿಲಿಮೀಟರ್‌ಗೆ ಇಳಿದಾಗ ಬದಲಾಯಿಸುವುದು ಒಳ್ಳೆಯ ರೂಢಿ. ಪದರ ತೆಳುವಾದಷ್ಟೂ ಶಾಖ ಕ್ಯಾಲಿಪರಿನ ಪಿಸ್ಟನ್ನಿಗೂ ಅದರ ಹಿಂದಿನ ಬ್ರೇಕ್ ಆಯಿಲ್‌ಗೂ ಬೇಗ ದಾಟುತ್ತದೆ. ಆದ್ದರಿಂದ ಕೊನೆಯ ಮಿಲಿಮೀಟರ್‌ಗಳನ್ನು ಉಳಿತಾಯ ಎಂದು ಓಡಿಸುವುದು ತಪ್ಪು ಲೆಕ್ಕ. ಅನೇಕ ಪ್ಯಾಡುಗಳಲ್ಲಿ ಪುಟ್ಟ ಉಕ್ಕಿನ ಪಟ್ಟಿಯೊಂದಿರುತ್ತದೆ. ಪ್ಯಾಡ್ ತೀರುತ್ತ ಬಂದಾಗ ಅದು ಡಿಸ್ಕಿಗೆ ತಾಗಿ ಕಿರುಗುಟ್ಟುತ್ತದೆ. ಜರ್ಮನ್ ಕಾರುಗಳಲ್ಲಿ ಆ ಕೆಲಸಕ್ಕೆ ವಿದ್ಯುತ್ ಸೆನ್ಸರ್ ಇದ್ದು, ಒಮ್ಮೆ ಅದು ಸವೆದು ಎಚ್ಚರಿಕೆ ಕೊಟ್ಟರೆ ಪ್ಯಾಡಿನ ಜೊತೆ ಅದನ್ನೂ ಹೊಸದಾಗಿ ಕೊಳ್ಳಬೇಕು.

ಡಿಸ್ಕಿಗೂ ಮಿತಿಯಿದೆ. ಅದರ ಅಂಚಿನಲ್ಲೋ ನಡುವಿನ ಟೋಪಿಯ ಮೇಲೋ ಕನಿಷ್ಠ ದಪ್ಪವನ್ನು ಕೆತ್ತಿರುತ್ತಾರೆ. ಅದು ಹೊಸ ದಪ್ಪಕ್ಕಿಂತ ಸಾಮಾನ್ಯವಾಗಿ 2 ಮಿಲಿಮೀಟರ್ ಕಡಿಮೆ. ರಸ್ತೆಯಲ್ಲಿ ಓಡುವ ಕಾರಿನಲ್ಲಿ ಎರಡು ಜೊತೆ ಪ್ಯಾಡಿಗೆ ಒಂದು ಜೊತೆ ಡಿಸ್ಕು ಎನ್ನುವುದು ಒರಟು ಅಂದಾಜು. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗಿದರೆ ಡಿಸ್ಕು ಸೊಟ್ಟಗಾಗಿದೆ ಎನ್ನುತ್ತಾರೆ. ಹೆಚ್ಚಿನ ಸಲ ಡಿಸ್ಕು ಬಾಗಿರುವುದಿಲ್ಲ. ಪ್ಯಾಡಿನ ವಸ್ತು ಅದರ ಮೇಲೆ ಏರುಪೇರಾಗಿ ಮೆತ್ತಿಕೊಂಡಿರುತ್ತದೆ, ಇಲ್ಲವೇ ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದಿರುತ್ತದೆ. ಕೆಂಪಗೆ ಕಾದ ಬ್ರೇಕನ್ನು ಒತ್ತಿ ಹಿಡಿದು ಕಾರನ್ನು ಒಂದೆಡೆ ನಿಲ್ಲಿಸಿದರೆ ಹೀಗೆ ಮೆತ್ತಿಕೊಳ್ಳುತ್ತದೆ. ಹೊಸ ಪ್ಯಾಡನ್ನು ಮೊದಲಿಗೆ ಪಳಗಿಸುವುದು ಇದೇ ಕಾರಣಕ್ಕೆ: ಖಾಲಿ ರಸ್ತೆಯಲ್ಲಿ 80ರಿಂದ 20ಕ್ಕೆ ಕೆಲವು ಬಾರಿ ಇಳಿಸಿ, ಪೂರ್ತಿ ನಿಲ್ಲಿಸದೆ, ತಣ್ಣಗಾಗುವವರೆಗೆ ಬ್ರೇಕ್ ಮುಟ್ಟದೆ ಓಡಿಸಬೇಕು. ವರ್ಕ್‌ಶಾಪಿನಲ್ಲಿ ಇದನ್ನು ಹೇಳಿ ಕಳಿಸುವವರು ಕಡಿಮೆ.

ಪ್ಯಾಡಿನ ಜಾತಿಗಳು ಹಲವು. ರಾಳ ಮತ್ತು ನಾರು ಬೆರೆಸಿದ ಪ್ಯಾಡು ಮೃದು, ಸದ್ದಿಲ್ಲ, ಆದರೆ ಶಾಖಕ್ಕೆ ಅಂಜುತ್ತದೆ. ಲೋಹದ ಪುಡಿ ಹೆಚ್ಚಿರುವುದು ಬಿಸಿ ತಾಳುತ್ತದೆ, ಡಿಸ್ಕನ್ನು ತಿನ್ನುತ್ತದೆ. ರೇಸ್ ಟ್ರ್ಯಾಕಿನ ಪ್ಯಾಡು ಕಾಯದೆ ಹಿಡಿಯುವುದೇ ಇಲ್ಲ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅಥವಾ ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿಗೆಂದು ಹಾಕಿಸಿದ ಪ್ಯಾಡನ್ನು ಹಾಗೆಯೇ ಬಿಟ್ಟುಕೊಂಡು ಬೆಳಗಿನ ತಂಪಿನಲ್ಲಿ ಬಳ್ಳಾರಿ ರಸ್ತೆಗೆ ಇಳಿಯುವುದು ಅಪಾಯ. ಮೊದಲ ನಿಲುಗಡೆಯಲ್ಲಿ ಅದು ಮಾಮೂಲಿ ಪ್ಯಾಡಿಗಿಂತ ಕೆಟ್ಟದಾಗಿ ಹಿಡಿಯುತ್ತದೆ.

ಹಿಂದಿನ ಹೆಜ್ಜೆಗಳು

ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕನ್ನೂ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕ್ ಬ್ರೇಕಿನ ಪೇಟೆಂಟನ್ನೂ ತಂದದ್ದು ಒಂದೇ ವರ್ಷದಲ್ಲಿ, 1902ರಲ್ಲಿ. ಡಿಸ್ಕು ಗೆದ್ದದ್ದು ಅರ್ಧ ಶತಮಾನದ ಮೇಲೆ. 1953ರ ಲ ಮಾನ್ ಓಟವನ್ನು ಡನ್ಲಪ್ ಡಿಸ್ಕ್ ಬ್ರೇಕ್ ತೊಟ್ಟ ಜಾಗ್ವಾರ್ ಕಾರು ಗೆದ್ದಾಗ ವಾದ ಮುಗಿಯಿತು. ಡ್ರಮ್ ತನ್ನ ಶಾಖವನ್ನು ಹೊಟ್ಟೆಯೊಳಗೆ ಇಟ್ಟುಕೊಳ್ಳುತ್ತದೆ, ಡಿಸ್ಕು ಬಯಲಿನಲ್ಲಿ ತಿರುಗುತ್ತ ಗಾಳಿಗೆ ಬಿಡುತ್ತದೆ. ಭಾರತದಲ್ಲಿ ಟಿವಿಎಸ್ ಬಳಗ ಇಂಗ್ಲೆಂಡಿನ ಲ್ಯೂಕಾಸ್ ಜೊತೆ ಸೇರಿ 1962ರಲ್ಲಿ ಬ್ರೇಕ್ಸ್ ಇಂಡಿಯಾ ಕಟ್ಟಿತು. ದಕ್ಷಿಣದ ಲಾರಿ, ಬಸ್ಸುಗಳ ಲೈನರಿನ ದೊಡ್ಡ ಹೆಸರುಗಳಾದ ರಾಣೆ ಮತ್ತು ಸುಂದರಂ ಕೂಡ ಮದ್ರಾಸಿನವೇ.

ಈ ಸೀಮೆಯ ರಸ್ತೆ

ಹಿರಿಯೂರಿನಿಂದ ಚಳ್ಳಕೆರೆ, ತಳಕು, ಬಿ.ಜಿ.ಕೆರೆ, ಹಾನಗಲ್, ರಾಂಪುರ ಹಾದು ಬಳ್ಳಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಈ ಎರಡೂ ತಾಲ್ಲೂಕುಗಳ ಬೆನ್ನೆಲುಬು. ಮೊಳಕಾಲ್ಮೂರು ಪಟ್ಟಣ ಹೆದ್ದಾರಿಯಿಂದ ಸ್ವಲ್ಪ ಒಳಗಿದೆ, ಅಲ್ಲಿಂದ ಮುಂದೆ ಗುಂಡುಕಲ್ಲಿನ ಬೆಟ್ಟಗಳ ನಡುವೆ ಆಂಧ್ರದ ರಾಯದುರ್ಗಕ್ಕೆ ದಾರಿ. ಹೆದ್ದಾರಿ ಬಹುಪಾಲು ಸಪಾಟು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಆಗುವಂತೆ ಇಳಿಜಾರಿನುದ್ದಕ್ಕೂ ಬ್ರೇಕ್ ಕಾಯುವ ಸಂದರ್ಭ ಇಲ್ಲಿ ಇಲ್ಲ. ಹಾಗೆಂದು ಸವೆತ ಕಡಿಮೆ ಎನ್ನಲಾಗದು. ನೇರ ರಸ್ತೆ ವೇಗವನ್ನು ಕರೆಯುತ್ತದೆ. ಆ ವೇಗದಲ್ಲಿ ಬರುತ್ತಿರುವಾಗ ಊರು ಬರುತ್ತದೆ, ಹಂಪ್ ಬರುತ್ತದೆ, ಕುರಿಮಂದೆ ರಸ್ತೆ ದಾಟುತ್ತದೆ, ಸುಗ್ಗಿಯಲ್ಲಿ ಒಕ್ಕಣೆಗೆ ಹರಡಿದ ಬೆಳೆ ಅರ್ಧ ದಾರಿಯನ್ನೇ ಹಿಡಿದಿರುತ್ತದೆ. ಇಲ್ಲಿನ ಬ್ರೇಕು ಬಹಳ ಹೊತ್ತು ಸುಮ್ಮನಿದ್ದು ಒಮ್ಮೆಲೇ ದೊಡ್ಡ ಹೊಡೆತ ತಿನ್ನುತ್ತದೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಇದೂ ಒಂದಾದ್ದರಿಂದ ಧೂಳು ವರ್ಷವಿಡೀ ಇರುತ್ತದೆ. ಗ್ರಾನೈಟಿನ ಮರಳುಕಣ ಕಬ್ಬಿಣಕ್ಕಿಂತ ಗಟ್ಟಿ; ಪ್ಯಾಡು ಮತ್ತು ಡಿಸ್ಕಿನ ನಡುವೆ ಸಿಕ್ಕಿದರೆ ಗೀರು ಬೀಳಿಸುತ್ತದೆ.

ಶೇಂಗಾ ಗಾಣಗಳಿಂದಾಗಿ ಎಣ್ಣೆ ನಗರಿ ಎನಿಸಿಕೊಂಡ ಚಳ್ಳಕೆರೆಯಲ್ಲಿ ಲಾರಿ ಹಳೆಯ ಸಂಗಾತಿ. 2018ರ ತಿದ್ದುಪಡಿಯ ನಂತರ ಮೂರು ಆಕ್ಸಲ್ಲಿನ ಲಾರಿಯ ಒಟ್ಟು ತೂಕದ ಮಿತಿ 28.5 ಟನ್. ಅಷ್ಟು ತೂಕ ಹೊತ್ತು 60ರಲ್ಲಿ ಹೋಗುವ ಲಾರಿಯಲ್ಲಿರುವ ಶಕ್ತಿ ಸುಮಾರು 4,000 ಕಿಲೊಜೂಲ್. ಅಂದರೆ ಅದು 200ರಲ್ಲಿ ಹಾರುವ ವೇಗದ ಕಾರಿಗಿಂತ ಒಂದೂಮುಕ್ಕಾಲು ಪಟ್ಟು ಹೆಚ್ಚು. ಅದೇ ಲಾರಿ ನೂರು ಮೀಟರ್ ಎತ್ತರ ಇಳಿದರೆ ಬಿಡುಗಡೆಯಾಗುವ ಶಕ್ತಿ 28,000 ಕಿಲೊಜೂಲ್, ಏಳು ಪೂರ್ತಿ ನಿಲುಗಡೆಗಳಿಗೆ ಸಮ. ಇಷ್ಟನ್ನೂ ಡ್ರಮ್ಮಿನ ಲೈನರಿನ ಮೇಲೆಯೇ ಹಾಕಿದರೆ ಅದು ಉಳಿಯುವುದಿಲ್ಲ. ಅನುಭವಿ ಚಾಲಕರು ಹತ್ತುವಾಗ ಹಾಕಿದ ಗೇರಿನಲ್ಲೇ ಇಳಿಯುತ್ತಾರೆ, ಎಕ್ಸಾಸ್ಟ್ ಬ್ರೇಕ್ ಎಳೆಯುತ್ತಾರೆ, ಫುಟ್ ಬ್ರೇಕನ್ನು ಕೊನೆಗೆ ಉಳಿಸಿಕೊಳ್ಳುತ್ತಾರೆ. ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವ ಚಾಳಿ ಈ ಬುದ್ಧಿವಂತಿಕೆಯನ್ನೆಲ್ಲ ಒಂದೇ ಏಟಿಗೆ ಅಳಿಸಿಹಾಕುತ್ತದೆ. ಅದರಿಂದ ಸತ್ತವರ ಸಂಖ್ಯೆ ಕಡಿಮೆಯಲ್ಲ, ಅದನ್ನು ಯಾವ ಕಾರಣಕ್ಕೂ ಮಾಡಕೂಡದು.

ಜಿಲ್ಲೆಯ ಗುಡ್ಡಗಳ ಮೇಲೆ ಸಾಲಾಗಿ ನಿಂತಿರುವ ಗಾಳಿಯಂತ್ರಗಳಲ್ಲೂ ಡಿಸ್ಕ್ ಬ್ರೇಕ್ ಇದೆ. ಆದರೆ ಬಿರುಗಾಳಿಯಲ್ಲಿ ರೆಕ್ಕೆಯನ್ನು ನಿಧಾನಿಸುವ ಮುಖ್ಯ ಕೆಲಸ ಅದರದ್ದಲ್ಲ. ಈಗಿನ ಯಂತ್ರಗಳಲ್ಲಿ ರೆಕ್ಕೆಗಳೇ ತಮ್ಮ ಅಚ್ಚಿನಲ್ಲಿ ಹೊರಳಿ ಗಾಳಿಯ ಹಿಡಿತ ಬಿಡುತ್ತವೆ, ವೇಗ ತಗ್ಗಿದ ಮೇಲೆ ಡಿಸ್ಕು ಹಿಡಿದು ನಿಲ್ಲಿಸುತ್ತದೆ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥ ಎಳೆಯುತ್ತಾರಲ್ಲ, ಅಂಥ ರಥಗಳ ಗಾಲಿಯಡಿಗೆ ಮರದ ದಿಮ್ಮಿ ಕೊಟ್ಟು ತಡೆಯುವುದೂ ಬ್ರೇಕಿನ ಅತ್ಯಂತ ಹಳೆಯ ರೂಪ. ಸವೆಯುವುದು ದಿಮ್ಮಿ, ಉಳಿಯುವುದು ಗಾಲಿ. ಬದಲಾಯಿಸಲು ಅಗ್ಗವಾದದ್ದೇ ಮೊದಲು ಸವೆಯಲಿ ಎನ್ನುವ ಈ ಏರ್ಪಾಡನ್ನೇ ಇಂದಿನ ಪ್ಯಾಡು ಮತ್ತು ಡಿಸ್ಕಿನ ಜೋಡಿಯೂ ಪಾಲಿಸುತ್ತದೆ.

ಪುಷ್ಪಕ್ ನಿಂತ ಬಗೆ

ಕರ್ನಾಟಕದ ನೆಲದಲ್ಲಿ ಬ್ರೇಕಿನ ಅತಿ ಕಠಿಣ ಪರೀಕ್ಷೆಗಳಲ್ಲಿ ಒಂದು ನಡೆದದ್ದು ಇದೇ ಚಳ್ಳಕೆರೆಯಲ್ಲಿ. ತಾಲ್ಲೂಕಿನ ಅಮೃತ್‌ಮಹಲ್ ಕಾವಲಿನ ಹುಲ್ಲುಗಾವಲಿನ ಭಾಗದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಕಟ್ಟಿದ ವೈಮಾನಿಕ ಪರೀಕ್ಷಾ ವಲಯ 2017ರ ಮೇ 28ರಂದು ಉದ್ಘಾಟನೆಯಾಯಿತು. ಮೈಸೂರು ಅರಸರ, ಮುಂದೆ ಹೈದರ್ ಮತ್ತು ಟಿಪ್ಪುವಿನ ತೋಪುಗಾಡಿಗಳನ್ನು ವೇಗವಾಗಿ ಎಳೆದ ಎತ್ತಿನ ತಳಿಗೆ ಮೀಸಲಾಗಿದ್ದ ನೆಲ ಅದು. ಕಾವಲು ಬೇಲಿಯೊಳಗಾದಾಗ ಸುತ್ತಲಿನ ಹಳ್ಳಿಗಳು ಮೇವಿನ ನೆಲ ಕಳೆದುಕೊಂಡವು, ಆ ದಾವೆ ಹಸಿರು ನ್ಯಾಯಮಂಡಳಿಯವರೆಗೂ ಹೋಗಿತ್ತು. ಪರೀಕ್ಷಾ ವಲಯದ ಕೀರ್ತಿಯನ್ನು ಹೇಳುವಾಗ ಇದನ್ನೂ ಹೇಳುವುದು ನ್ಯಾಯ.

ಇಸ್ರೋ ತನ್ನ ಮರುಬಳಕೆಯ ರೆಕ್ಕೆನೌಕೆಯ ಇಳಿಕೆಯ ಪ್ರಯೋಗಗಳನ್ನು ಇಲ್ಲಿ ಮೂರು ಬಾರಿ ನಡೆಸಿತು: 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು 2024ರ ಜೂನ್ 23. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ನೌಕೆಯನ್ನು ಸುಮಾರು 4.5 ಕಿ.ಮೀ. ಎತ್ತರಕ್ಕೆ ಒಯ್ದು ಬಿಡುತ್ತಿತ್ತು. ನೌಕೆ ತಾನೇ ದಾರಿ ತಿದ್ದಿಕೊಂಡು ರನ್‌ವೇಗೆ ಇಳಿಯುತ್ತಿತ್ತು. ಪುಷ್ಪಕ್ ಎಂದು ಹೆಸರಿಟ್ಟ ಈ ನೌಕೆ ಮೂರನೆಯ ಪ್ರಯೋಗದಲ್ಲಿ ನೆಲ ಮುಟ್ಟಿದಾಗ ಅದರ ವೇಗ ಗಂಟೆಗೆ 320 ಕಿ.ಮೀ. ಮೀರಿತ್ತು. ಪ್ರಯಾಣಿಕರ ವಿಮಾನ ಇಳಿಯುವುದು 260ರ ಆಸುಪಾಸಿನಲ್ಲಿ, ಯುದ್ಧವಿಮಾನ 280ರಲ್ಲಿ. ಪುಷ್ಪಕ್ ಮೊದಲು ಬಾಲದ ಬಳಿಯ ಬ್ರೇಕ್ ಪ್ಯಾರಾಚೂಟ್ ಬಿಚ್ಚಿ ವೇಗವನ್ನು ಸುಮಾರು 100ಕ್ಕೆ ಇಳಿಸಿತು, ಚಕ್ರದ ಬ್ರೇಕು ಹಿಡಿದದ್ದು ಆಮೇಲೆ.

320 ಮತ್ತು 100ರ ವರ್ಗಗಳನ್ನು ಹೋಲಿಸಿದರೆ ಈ ಕ್ರಮದ ಸೊಗಸು ತಿಳಿಯುತ್ತದೆ. ವೇಗ ಮೂರನೇ ಒಂದು ಪಾಲಿಗೆ ಇಳಿಯುವಷ್ಟರಲ್ಲಿ ಶಕ್ತಿಯ ಹತ್ತರಲ್ಲಿ ಒಂಬತ್ತು ಪಾಲು ಗಾಳಿಗೆ ಹೋಗಿತ್ತು. ಚಕ್ರದ ಬ್ರೇಕಿಗೆ ಉಳಿದದ್ದು ಹತ್ತರಲ್ಲಿ ಒಂದೇ ಪಾಲು. ಎರಡನೆಯ ಪ್ರಯೋಗದಲ್ಲಿ ಬಳಸಿದ ರೆಕ್ಕೆನೌಕೆಯ ಒಡಲನ್ನೇ ಮೂರನೆಯದಕ್ಕೂ ಬಳಸಿದರು. ಮತ್ತೆ ಬಳಸುವ ವಸ್ತುವಿನಲ್ಲಿ ಸವೆತವೇ ಖರ್ಚು ಎಂಬುದು ಕಾರಿನವರಿಗಿಂತ ನೌಕೆಯವರಿಗೆ ಚೆನ್ನಾಗಿ ಗೊತ್ತು.

ಯುದ್ಧವಿಮಾನದ ಚಕ್ರದಲ್ಲಿ ಬೀಡುಕಬ್ಬಿಣಕ್ಕೆ ಜಾಗವಿಲ್ಲ. ತೇಜಸ್‌ಗಾಗಿ ಕಾರ್ಬನ್ ನಾರಿನ ಬ್ರೇಕ್ ಡಿಸ್ಕುಗಳನ್ನು ರೂಪಿಸಿದ್ದು ಅಗ್ನಿ ಕ್ಷಿಪಣಿಯ ಶಾಖಕವಚಗಳ ಅನುಭವವಿದ್ದ, ಹೈದರಾಬಾದಿನ ಡಿಆರ್‌ಡಿಒ ಪ್ರಯೋಗಾಲಯ. ಫಾರ್ಮುಲಾ ಒನ್ ಕಾರುಗಳಿಗೆ ಕಾರ್ಬನ್ ಡಿಸ್ಕು ಬಂದದ್ದೂ ವಿಮಾನದಿಂದಲೇ, 1970ರ ದಶಕದಲ್ಲಿ ಬ್ರಾಭಮ್ ತಂಡದ ಮೂಲಕ. ಅದು ನೂರಾರು ಡಿಗ್ರಿ ಕಾದ ಮೇಲೆಯೇ ಸರಿಯಾಗಿ ಹಿಡಿಯುವುದರಿಂದ ರಸ್ತೆಯ ಕಾರಿಗೆ ಒಗ್ಗುವುದಿಲ್ಲ. ರಸ್ತೆಗಾಗಿ ಬಂದದ್ದು ಕಾರ್ಬನ್ ನಾರಿಗೆ ಸಿಲಿಕಾನ್ ಕಾರ್ಬೈಡ್ ಬೆರೆಸಿದ ಕಾರ್ಬನ್-ಸೆರಾಮಿಕ್ ಡಿಸ್ಕು. ತೂಕ ಕಬ್ಬಿಣದ ಅರ್ಧದಷ್ಟು, ತುಕ್ಕಿಲ್ಲ, ಮೆಲ್ಲಗೆ ಓಡಿಸುವವರ ಕೈಯಲ್ಲಿ ಆಯಸ್ಸು ಬಹಳ ಉದ್ದ. ಅದರ ಸವೆತವನ್ನು ದಪ್ಪದ ಜೊತೆ ತೂಕದಲ್ಲೂ ಅಳೆಯುತ್ತಾರೆ. ಕನಿಷ್ಠ ತೂಕವನ್ನು ಡಿಸ್ಕಿನ ಮೇಲೆಯೇ ಬರೆದಿರುತ್ತದೆ. ಚಕ್ರ ಬಿಚ್ಚುವಾಗ ಅಜಾಗ್ರತೆಯಿಂದ ತಾಗಿಸಿ ಅಂಚು ಒಡೆದರೆ ಮಾತ್ರ ಲಕ್ಷಗಟ್ಟಲೆ ನಷ್ಟ.

ಬದಲಾವಣೆಯ ವೆಚ್ಚ

ಸಣ್ಣ ಕಾರಿನ ಮುಂದಿನ ಪ್ಯಾಡುಗಳು ಕೆಲವೇ ಸಾವಿರ ರೂಪಾಯಿಗಳಲ್ಲಿ ಮುಗಿಯುತ್ತವೆ. ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ದರ್ಜೆಯ ಕಾರುಗಳಲ್ಲಿ ಪ್ಯಾಡು, ಡಿಸ್ಕು ಎರಡನ್ನೂ ಬದಲಾಯಿಸಿದರೆ ಲೆಕ್ಕ ಹತ್ತಾರು ಸಾವಿರಕ್ಕೆ ಏರುತ್ತದೆ. ಬಿಎಂಡಬ್ಲ್ಯು ಎಂ, ಮರ್ಸಿಡಿಸ್ ಎಎಂಜಿ, ಪೋರ್ಷೆಗಳಲ್ಲಿ ನಾಲ್ಕೂ ಚಕ್ರಗಳ ಕೆಲಸ ಲಕ್ಷದ ಮಾತಾಗುವುದು ಸಾಮಾನ್ಯ. ಕಾರ್ಬನ್-ಸೆರಾಮಿಕ್ ಪೂರ್ತಿ ಜೊತೆಯ ಬೆಲೆಯಲ್ಲಿ ಸಣ್ಣ ಕಾರೊಂದನ್ನೇ ಕೊಳ್ಳಬಹುದು. ಈ ಅಂತರಕ್ಕೆ ಕಾರಣ ಬ್ರ್ಯಾಂಡಿನ ಹೆಸರಷ್ಟೇ ಅಲ್ಲ. ಡಿಸ್ಕು ದೊಡ್ಡದು, ಒಳಗೆ ಗಾಳಿ ಹರಿಯುವ ಕಾಲುವೆಗಳಿವೆ, ಕೆಲವದರಲ್ಲಿ ನಡುವಿನ ಭಾಗ ಅಲ್ಯುಮಿನಿಯಂ, ಮೇಲಾಗಿ ಆಮದು. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಏಕರೂಪವಾಗಿ ಶೇ. 18 ಆಗಿದೆ. ಅದಕ್ಕೆ ಮೊದಲು ಹಲವು ಭಾಗಗಳಿಗೆ ಶೇ. 28 ಇತ್ತು.

ಪ್ಯಾಡು, ಡಿಸ್ಕು ಸವೆಯುವ ಭಾಗಗಳಾದ್ದರಿಂದ ಸಾಮಾನ್ಯವಾಗಿ ವಾರಂಟಿಗೂ ಬರುವುದಿಲ್ಲ, ವಿಮೆಗೂ ಬರುವುದಿಲ್ಲ. ಮೆಲ್ಲಗೆ ಓಡಿಸಿದ ಕಾರಿನಲ್ಲಿ ಮುಂದಿನ ಪ್ಯಾಡು 30,000ದಿಂದ 60,000 ಕಿ.ಮೀ. ಬಂದರೆ, ಅದೇ ಜಾತಿಯ ಪ್ಯಾಡನ್ನು ಟ್ರ್ಯಾಕಿನಲ್ಲಿ ಒಂದೆರಡು ದಿನದಲ್ಲಿ ಮುಗಿಸಿಬಿಡಬಹುದು. ಹೊಸ ಕಾರುಗಳಲ್ಲಿ ಹಿಂದಿನ ಪ್ಯಾಡು ಮುಂದಿನದಕ್ಕಿಂತ ಬೇಗ ಸವೆಯುವುದನ್ನು ಕಂಡು ಮಾಲೀಕರು ವರ್ಕ್‌ಶಾಪಿನ ಮೇಲೆ ಅನುಮಾನ ಪಡುತ್ತಾರೆ. ಕಾರು ಜಾರದಂತೆ, ತಿರುವಿನಲ್ಲಿ ಹೊರಕ್ಕೆ ಎಳೆಯದಂತೆ ಎಲೆಕ್ಟ್ರಾನಿಕ್ ವ್ಯವಸ್ಥೆಯೇ ಹಿಂದಿನ ಬ್ರೇಕನ್ನು ಆಗಾಗ ಒತ್ತುತ್ತಿರುವುದು ಅದಕ್ಕೊಂದು ಕಾರಣ. ಹಿಂದಿನ ಪ್ಯಾಡು ಚಿಕ್ಕದು ಕೂಡ.

ಮೊಳಕಾಲ್ಮೂರಿನಂಥ ಊರಿನಲ್ಲಿ ವೇಗದ ಕಾರು ಇಟ್ಟುಕೊಂಡವರು ಬಿಡಿಭಾಗಕ್ಕೆ ಬಳ್ಳಾರಿ, ದಾವಣಗೆರೆ, ಕೊನೆಗೆ ಬೆಂಗಳೂರಿನತ್ತ ನೋಡಬೇಕು. ಕಾಯುವ ದಿನಗಳೂ ವೆಚ್ಚದ ಭಾಗವೇ. ಆ ಅವಸರದಲ್ಲಿ ಪ್ಯಾಕೆಟ್ಟಿನ ಮೇಲೆ ದೊಡ್ಡ ಹೆಸರಿರುವ ನಕಲಿ ಪ್ಯಾಡು ಕೊಳ್ಳುವುದು ಮಾತ್ರ ಬೇಡ. ಪ್ಯಾಡಿನ ನಿಜಗುಣ ಕಣ್ಣಿಗೆ ಕಾಣುವುದಿಲ್ಲ, ಗೊತ್ತಾಗುವುದು ಅದು ಕಾದಾಗ.

ಬ್ರೇಕ್ ಆಯಿಲ್

ಎಲ್ಲಕ್ಕಿಂತ ಅಗ್ಗವಾದ, ಎಲ್ಲರೂ ಮರೆಯುವ ಭಾಗ ಇದು. ಗ್ಲೈಕಾಲ್ ಆಧಾರಿತ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ಹೀರಿದಷ್ಟೂ ಅದರ ಕುದಿಬಿಂದು ಇಳಿಯುತ್ತದೆ. ಡಾಟ್ 4 ದರ್ಜೆಯ ಹೊಸ ದ್ರವ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ, ತೇವ ಹೀರಿದ ಮೇಲೆ ಆ ಮಿತಿ 155. ಡಾಟ್ 5.1ಕ್ಕೆ ಇವು 260 ಮತ್ತು 180. ಕುದಿದಾಗ ಆವಿಯ ಗುಳ್ಳೆ ಏಳುತ್ತದೆ, ಗುಳ್ಳೆ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಲಕ್ಷ ರೂಪಾಯಿಯ ಡಿಸ್ಕೂ ಆಗ ಉಪಯೋಗಕ್ಕೆ ಬಾರದು. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಾಯಿಸುವ ಖರ್ಚು ಒಂದು ಜೊತೆ ಒಳ್ಳೆಯ ಪ್ಯಾಡಿಗಿಂತ ಬಹಳ ಕಡಿಮೆ. ಬ್ರೇಕಿಗೆಂದು ಇರುವ ಹಣದಲ್ಲಿ ಮೊದಲ ಪಾಲು ಇದಕ್ಕೇ ಸಲ್ಲಬೇಕು.

ವಿದ್ಯುತ್ ಕಾರು ಮತ್ತು ಬ್ರೇಕಿನ ಧೂಳು

ವಿದ್ಯುತ್ ಕಾರಿನಲ್ಲಿ ಕಾಲು ತೆಗೆದೊಡನೆ ಮೋಟಾರೇ ಜನರೇಟರ್ ಆಗಿ ಚಲನೆಯ ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ದಿನನಿತ್ಯದ ಓಡಾಟದಲ್ಲಿ ಪ್ಯಾಡು ಸವೆಯುವುದೇ ಅಪರೂಪ. ಕೆಲಸವಿಲ್ಲದೆ ಡಿಸ್ಕು ತುಕ್ಕು ಹಿಡಿಯುವ ಹೊಸ ತೊಂದರೆ ಬಂದಿದೆ. ಆಗಾಗ ಗಟ್ಟಿಯಾಗಿ ಬ್ರೇಕ್ ಒತ್ತಿ ಅದನ್ನು ಉಜ್ಜಿ ತೆಗೆಯಬೇಕು. ಸವೆದ ವಸ್ತು ಎಲ್ಲಿ ಹೋಗುತ್ತದೆ ಎಂಬ ಪ್ರಶ್ನೆಗೂ ಈಗ ಕಾನೂನು ಬಂದಿದೆ. ಹಿಂದೆ ಲೈನರಿಗೆ ಬೆರೆಸುತ್ತಿದ್ದ ಕಲ್ನಾರು ಮೆಕ್ಯಾನಿಕ್‌ಗಳ ಶ್ವಾಸಕೋಶ ಹಾಳುಮಾಡಿದ ಕಥೆ ಹಳೆಯದು. ಐರೋಪ್ಯ ಒಕ್ಕೂಟದ ಯೂರೋ 7 ನಿಯಮ ಮೊದಲ ಬಾರಿಗೆ ಬ್ರೇಕಿನ ಧೂಳಿಗೂ ಮಿತಿ ಹಾಕಿದೆ: ಪ್ರಯಾಣಿಕರ ಕಾರು ಬ್ಯಾಟರಿಯದಾದರೆ ಕಿಲೊಮೀಟರಿಗೆ 3 ಮಿಲಿಗ್ರಾಂ, ಉಳಿದ ಹೆಚ್ಚಿನವಕ್ಕೆ 7. ಹಳೆಯ ಡ್ರಮ್ಮನ್ನು ಗಾಳಿಯ ಪೈಪಿನಿಂದ ಊದಿ ಶುಚಿಮಾಡುವ ಪದ್ಧತಿ ನಮ್ಮ ಹೆದ್ದಾರಿ ಬದಿಯ ಗ್ಯಾರೇಜುಗಳಲ್ಲಿ ಇನ್ನೂ ಇದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು, ಧೂಳು ಹುಡುಗರ ಮೂಗಿಗೆ ಹೋಗುವುದಿಲ್ಲ.

ಕೊನೆಯದಾಗಿ ದುರಸ್ತಿಯ ಮಾತು. ಗೀರು ಬಿದ್ದ ಡಿಸ್ಕನ್ನು ಲೇತಿಗೆ ಕೊಟ್ಟು ಮೈ ಸಪಾಟು ಮಾಡಿಸುವುದು ಚಳ್ಳಕೆರೆಯಿಂದ ಬೆಂಗಳೂರಿನವರೆಗೂ ರೂಢಿಯಲ್ಲಿದೆ. ಲೇತಿನ ನಂತರವೂ ದಪ್ಪ ಕೆತ್ತಿದ ಮಿತಿಗಿಂತ ಮೇಲಿದ್ದರೆ ಅದು ಸರಿಯಾದ ಉಳಿತಾಯ. ಮಿತಿ ಮುಟ್ಟಿದ ಡಿಸ್ಕಿನಲ್ಲಿ ಶಾಖ ಹಿಡಿಯುವ ಕಬ್ಬಿಣವೇ ಕಡಿಮೆ ಇರುವುದರಿಂದ ಅದು ಬೇಗ ಕಾಯುತ್ತದೆ, ಬಿರುಕು ಬಿಡುತ್ತದೆ. ಅಂಥದ್ದನ್ನು ಲೇತಿಗೆ ಕೊಡಬಾರದು. ಒಂದೇ ಆಕ್ಸಲ್ಲಿನ ಎರಡೂ ಡಿಸ್ಕುಗಳನ್ನು ಹೊಸ ಪ್ಯಾಡಿನ ಜೊತೆ ಒಟ್ಟಿಗೆ ಬದಲಾಯಿಸಬೇಕು.